ಮೂರನೆಯವರು

ಮಂಡ್ಯದ ಆರ್‌ಟಿಒ ಕಚೇರಿ ಎದುರು, ಹೊಂಗೆಯ ಕೆಳಗೆ
ಮಡಿಸುವ ಮೇಜು, ಒಂದು ಪ್ರಿಂಟರು, ಎರಡು ಸ್ಟೂಲು.
ಗಾಳಿ ಎದ್ದರೆ ಪಾಲಿಸಿಗಳ ಮೇಲೆ
ಹಳೇ ಸ್ಪಾರ್ಕ್ ಪ್ಲಗ್ಗು ಇಡುತ್ತೇನೆ.
ಹದಿನೇಳು ವರ್ಷದಿಂದ ಇದೇ ನನ್ನ ಅಂಗಡಿ.

ಹೋದ ಕಾರ್ತೀಕದಲ್ಲಿ ನಂಜಮಣಿ ಬಂದಾಗ
ಪರದೆಯ ಮೇಲೆ ಕಂಪನಿಯ ಹೊಸ ಪ್ರಶ್ನೆ:
ವಾಹನ ನಿಲ್ಲುವ ಜಾಗ ಕಡಲಿಂದ ಎಷ್ಟು ಕಿಲೋಮೀಟರು?
ಮುಂಬೈಯಲ್ಲಿ ಯಾರೋ ಬರೆದದ್ದು,
ಉಪ್ಪುಗಾಳಿಗೆ ತುಕ್ಕು ಹಿಡಿಯುವ ಊರುಗಳಿಗೆ.
ನಮಗೂ ಅದೇ ಫಾರಮ್ಮು.
ಓದಿ ನಕ್ಕೆ. ಅವಳು ನಗಲಿಲ್ಲ.
"ಕಡ್ಲು ದಿನಾ ನನ್ ಗಾಡೀಲೇ ಬತ್ತದೆ ಕಣಣ್ಣ,
ಐಸ್ ಒಳಗೆ ಮನೀಕಂಡಿರ್ತದೆ.
ಸೊನ್ನೆ ಅಂತ ಬರ್ಕೊ."
ನಾನು ಇನ್ನೂರೈವತ್ತು ಬರೆದೆ.

ಅವಳು ಹೇಳಿದ್ದು ನಿಜ. ನಸುಕಿನ ಮೂರಕ್ಕೆ ಮೈಸೂರಲ್ಲಿ
ಮಲ್ಪೆಯ ಲಾರಿ ಇಳಿಸಿದ ಬೂತಾಯಿ, ಬಂಗುಡೆ
ಹಳದಿ ಬೋರ್ಡಿನ ಪುಟ್ಟ ಗೂಡ್ಸ್ ಗಾಡಿಗೆ ತುಂಬಿ
ಬೆಳಕು ಹರಿಯುವಷ್ಟರಲ್ಲಿ ಪಾಂಡವಪುರದ ಸುತ್ತಿನ ಹಳ್ಳಿಗಳಿಗೆ
ತಾನೇ ಓಡಿಸಿಕೊಂಡು ಬರುವವಳು.
ಗಾಡಿಯ ಹಿಂದೆ ಬರೆಸಿದ್ದು ದೇವರ ಹೆಸರಲ್ಲ,
ಮೊಬೈಲ್ ನಂಬರು.

"ಎರಡು ಥರ ಇದೆಯಕ್ಕ. ಫುಲ್ಲು, ಇಲ್ಲಾ ಥರ್ಡ್ ಪಾರ್ಟಿ."
"ಯಾರಣ್ಣ ಅದು, ಮೂರ್ನೆಯೋರು?"
"ನೀನು ಮೊದಲನೆಯವಳು, ಕಂಪನಿ ಎರಡನೆಯದು,
ನಿನ್ನ ಗಾಡಿ ಯಾರಿಗೆ ತಗಲುತ್ತೋ ಅವರು ಮೂರನೆಯವರು."
"ನಂಗೇ ಯಾರಾರ ಗುದ್ದಿದ್ರೆ?"
"ಆಗ ಅವರ ಪಾಲಿಸಿಯಲ್ಲಿ ನೀನು ಮೂರನೆಯವಳು."
ಇದು ಅವಳಿಗೆ ಹಿಡಿಸಿತು:
ಎಲ್ಲೋ ಯಾರದೋ ಲೆಕ್ಕದಲ್ಲಿ ತಾನೂ ಒಬ್ಬಳು.

"ನಿಂದೇ ಗಾಡಿಯಾಗಿದ್ರೆ ಯಾವ್ದ ಮಾಡಿಸ್ತಿದ್ದೆ?"
ಹಿಂದೆ ಆರು ಆಟೋದವರು ಕಾಯುತ್ತಿದ್ದರು,
ಗಂಟೆ ಒಂದಾಗಿತ್ತು,
ಊಟದ ಹೊತ್ತಿಗೆ ಸರ್ವರು ಒಂದು ಸಲ ಸಾಯುತ್ತದೆ.
"ಥರ್ಡ್ ಪಾರ್ಟಿ ಸಾಕಕ್ಕ, ಪೊಲೀಸರು ಕೇಳೋದು ಅದನ್ನೇ"
ಅಂದುಬಿಟ್ಟೆ.
ಅದು ಸುಳ್ಳಲ್ಲ. ಅದೇ ನನ್ನ ಕಷ್ಟ.

ಮಾಘದ ಮಂಜು. ನಾಲೆಯ ಏರಿ.
ಎದುರಿಗೆ ಕಬ್ಬಿನ ಎತ್ತಿನಗಾಡಿ, ದೀಪವಿಲ್ಲ.
ಎಡಕ್ಕೆ ಎಳೆದಳು.
ಎಡಕ್ಕೆ ತಡೆಗೋಡೆ ಇರಲಿಲ್ಲ.
ಎತ್ತುಗಳಿಗೆ ಒಂದು ಗೀರೂ ಆಗಲಿಲ್ಲ,
ಮೂರನೆಯವರು ಕ್ಷೇಮ.
ಮೀನಿನ ವಾಸನೆಗೆಂದು ಬಾಗಿಲ ಗಾಜು ಇಳಿಸಿಯೇ ಓಡಿಸುವವಳು,
ಆ ಕಿಂಡಿಯಿಂದಲೇ ಈಜಿ ಬಂದಳು.
ಆ ಬೆಳಿಗ್ಗೆ ವಿ.ಸಿ. ನಾಲೆಯ ಸಿಹಿನೀರಲ್ಲಿ
ಬೂತಾಯಿಗಳು ತೇಲಿದವಂತೆ, ಬೆಳ್ಳಗೆ, ಮೈಲಿಯುದ್ದ.
ಬಟ್ಟೆ ಒಗೆಯಲು ಬಂದವರು ಸೆರಗೊಡ್ಡಿ ಹಿಡಿದರಂತೆ.
ಸಮುದ್ರವೇ ನಮ್ಮೂರಿಗೆ ಬಂತೆಂದು
ಒಬ್ಬ ಮುದುಕ ಕೈಮುಗಿದನಂತೆ.

ಕ್ರೇನಿಗೆ ಎಂಟು ಸಾವಿರ.
ಇಂಜಿನ್ ಬಿಚ್ಚಿ ಒಣಗಿಸಿ ಕಟ್ಟಿದ್ದಕ್ಕೆ ಮೂವತ್ತೊಂದು.
ಮೀನಿಗೆ, ಐಸಿಗೆ, ವ್ಯಾಪಾರವಿಲ್ಲದ ಇಪ್ಪತ್ತಾರು ದಿನಕ್ಕೆ
ಯಾವ ಕಾಲಮ್ಮೂ ಇಲ್ಲ.
ಪಾಲಿಸಿ ತಂದು ಮೇಜಿನ ಮೇಲಿಟ್ಟಳು,
ನೀರು ಕುಡಿದು ಉಬ್ಬಿದ ಕಾಗದ,
ನನ್ನ ಸಹಿ ಹರಡಿ ಬರೀ ನೀಲಿ.
"ನಾಲೆ ಎಷ್ಟ್ನೆಯೋರು ಅಣ್ಣ, ಇದ್ರಲ್ಲಿ?"
ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಮತ್ತೆ ಕಾರ್ತೀಕ. ರಿನ್ಯೂವಲ್ಲು.
ಕೇಳುವ ಮೊದಲೇ ಫುಲ್ಲಿಗೆ ಗುರುತು ಹಾಕಿದೆ, ಮೊತ್ತ ಹೇಳಿದೆ.
ಒದ್ದೆ ನೋಟು ಎಣಿಸಿದಳು,
ಒಂದಕ್ಕೆ ಮೀನಿನ ಹುರುಪೆ ಅಂಟಿತ್ತು.
ಸಾವಿರದ ಮುನ್ನೂರು ಕಡಿಮೆ.
ನನ್ನ ಕಮಿಷನ್ನು ಒಂಬೈನೂರು ಚಿಲ್ಲರೆ.
"ಉಳಿದದ್ದಕ್ಕೆ ಮೀನು ಕೊಡಕ್ಕ" ಅಂದೆ.
ಅವಳು ನನ್ನ ಹಣೆಯ ವಿಭೂತಿ ನೋಡಿದಳು,
ಮೊದಲ ಸಲ ನಕ್ಕಳು, ಆಟೋದವರು ತಿರುಗಿ ನೋಡುವ ಹಾಗೆ.

ಅಷ್ಟರಲ್ಲಿ ಪರದೆ ಅದೇ ಪ್ರಶ್ನೆಗೆ ಬಂದು ನಿಂತಿತ್ತು.
ನಾನು ಎರಡು ಒತ್ತಿದೆ, ಐದು ಒತ್ತುವುದರೊಳಗೆ
ಅವಳು ಬಗ್ಗಿ, ಅಳಿಸಿ,
ಬಂಗುಡೆ ವಾಸನೆಯ ಬೆರಳಲ್ಲಿ
ತಾನೇ ಸೊನ್ನೆ ಒತ್ತಿದಳು.
ಫಾರಮ್ಮು ಏನೂ ಅನ್ನದೆ
ಮುಂದಿನ ಪುಟಕ್ಕೆ ಹೋಯಿತು.